ಐದು ಸಿಲಿಂಡರಿನ ಮೋಟಾರು ಸೈಕಲ್ಲಿಗೆ ನಂಬರು ಕೋರಿ

ಇಂದ:
ಕದರಪ್ಪ, ವಯಸ್ಸು ಮೂವತ್ನಾಲ್ಕು, ಪಂಪ್‌ಸೆಟ್ ಮೆಕ್ಯಾನಿಕ್,
ಮಿಡಿಗೇಶಿ, ಮಧುಗಿರಿ ತಾಲ್ಲೂಕು.
(ಬರೆದುಕೊಟ್ಟವರು: ನಾಗಲಿಂಗಯ್ಯ, ಅರ್ಜಿ ಬರೆಯುವವರು, ಮಧುಗಿರಿ.)

ಗೆ:
ಮಾನ್ಯ ವಾಹನ ವರ್ಗೀಕರಣ ಮೇಲ್ಮನವಿ ಅಧಿಕಾರಿಗಳು.
(ಅಂಥ ಹುದ್ದೆ ಇಲ್ಲದ ಪಕ್ಷದಲ್ಲಿ, ಅದರ ಆಸುಪಾಸಿನ ಹುದ್ದೆಯಲ್ಲಿ ಇರುವವರು.)

ವಿಷಯ: ಮೋಟಾರು ಸೈಕಲ್ಲನ್ನು ಮೋಟಾರು ಸೈಕಲ್ಲೆಂದೇ ದಾಖಲಿಸಿ ನಂಬರು ದಯಪಾಲಿಸುವ ಬಗ್ಗೆ.

ಉಲ್ಲೇಖ: ೧. ಮೋಟಾರು ವಾಹನ ನಿರೀಕ್ಷಕರ ಮಧುಗಿರಿ ಕ್ಯಾಂಪಿನ ತಪಾಸಣಾ ವರದಿ, ದಿನಾಂಕ ೩೦-೧-೧೯೮೪.
೨. ಸದರಿ ನಿರೀಕ್ಷಕರು ಬಾಯಿಮಾತಿನಲ್ಲಿ ಕೊಟ್ಟ ಮೂವತ್ತು ದಿನಗಳ ಗಡುವು.

ಮಾನ್ಯರೇ,

೧. ಹುರುಳಿ ಬೀಳುತ್ತಲೇ ಇತ್ತು. ನಮ್ಮೂರಿನ ಪಾಪಕ್ಕನವರು ಮೊರವನ್ನು ತಲೆಗಿಂತ ಮೇಲಕ್ಕೆತ್ತಿ ಸಣ್ಣಗೆ ಸುರಿಯುತ್ತಿದ್ದರು. ಕಾಳು ಅವರ ಕಾಲಬುಡದಲ್ಲಿ ಗುಡ್ಡೆಯಾಗುತ್ತಿತ್ತು, ಹೊಟ್ಟು ಹಾರಿ ರಸ್ತೆಯಾಚೆಯ ಜಾಲಿಗಿಡಕ್ಕೆ ಹೋಗಿ ಕೂರುತ್ತಿತ್ತು. ಅರ್ಜಿದಾರನು ಎರಡೂ ಕಾಲನ್ನು ನೆಲಕ್ಕೂರಿ, ಗಾಡಿಯ ಅದುರುವ ಸೀಟಿನ ಮೇಲೆ ಕೂತು, ಕಣ್ಣಿಗೆ ಬಿದ್ದ ಹೊಟ್ಟನ್ನು ಉಜ್ಜಿಕೊಳ್ಳುತ್ತಿದ್ದನು.

"ಅಲುಗಾಡ್ಬ್ಯಾಡ ಕಣ್ಲಾ ಕದ್ರ, ಗಾಳಿ ಆ ಕಡೀಕೆ ಹೋಯ್ತದೆ" ಎಂದರು ಪಾಪಕ್ಕನವರು.

"ಮಧುಗಿರಿಗೆ ಹೋಗ್ಬೇಕು ಕಣಮ್ಮ. ಇನ್ಸ್‌ಪೆಕ್ಟ್ರು ಹನ್ನೊಂದು ಗಂಟೆಗೆ ಬಾ ಅಂದವ್ರೆ."

"ಅವ್ರು ಉಂಡ್ಕಂಡು ಎಲೆಅಡಿಕೆ ಹಾಕ್ಕಂಡು ಕೂತಿರ್ತಾರೆ ಬುಡು. ಒಂದ್ ವಾರದಿಂದ ಗಾಳಿ ಬಿದ್ದೋಗೈತೆ. ಇನ್ನ ನಾಕೇ ಮೊರ."

ನಾಲ್ಕು ಮೊರ ನಲವತ್ತು ನಿಮಿಷ ಹಿಡಿಯಿತು.

೨. ಮೇಲ್ಕಂಡ ಸಂಗತಿಯು ದಿನಾಂಕ ೩೦ರ ಬೆಳಿಗ್ಗೆ, ಅರ್ಜಿದಾರನು ತನ್ನ ವಾಹನವನ್ನು ತಪಾಸಣೆಗೆಂದು ಒಯ್ಯುತ್ತಿದ್ದಾಗ ರಸ್ತೆಯಲ್ಲಿ ನಡೆದದ್ದು. ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಹರಡಿ, ಬಸ್ಸು ಲಾರಿಗಳ ಗಾಲಿಯಿಂದಲೇ ಒಕ್ಕಿಸಿಕೊಳ್ಳುವುದು ನಮ್ಮ ಕಡೆಯ ರೂಢಿಯೆಂದು ತಮಗೂ ತಿಳಿದಿರಬಹುದು. ಒಕ್ಕುವುದು ಗಾಲಿಯಿಂದಾಗುತ್ತದೆ. ತೂರುವುದಕ್ಕೆ ಗಾಳಿ ಬೇಕು.

೩. ಗಾಳಿಯು ಎಲ್ಲಿಂದ ಬಂತು ಎಂಬ ಬಗ್ಗೆ. ಸದರಿ ವಾಹನದ ಎಂಜಿನ್ನು ಹಳೆಯ ತರಬೇತಿ ವಿಮಾನವೊಂದರದು. ಐದು ಸಿಲಿಂಡರುಗಳು ಬಂಡಿಗಾಲಿಯ ಅರೆಗಳಂತೆ ನಡುವಿನಿಂದ ಸುತ್ತಲೂ ಚಾಚಿಕೊಂಡಿವೆ. ಇದು ಸಿಕ್ಕಿದ್ದು ಶಿರಾದ ಬುಡೇನ್ ಸಾಬರ ಗುಜರಿ ಅಂಗಡಿಯಲ್ಲಿ. ಅವರು ಇದನ್ನು ನೀರೆತ್ತುವ ಎಂಜಿನ್ನೆಂದು ನಂಬಿ ಖರೀದಿಸಿ ಮೋಸಹೋಗಿದ್ದರು.

"ಸಾಬರೇ, ಇದು ಹಾರೋದು" ಎಂದು ಅರ್ಜಿದಾರನು ತಿಳಿಸಲಾಗಿ, "ಹಾರ್ಲಿ ಭಾಯ್, ಮೊದ್ಲು ನಮ್ ಅಂಗಡಿಯಿಂದ ಆಚೆಗೆ ಹಾರ್ಲಿ. ಕಾಲಿಡೋಕೆ ಜಾಗಾ ಇಲ್ಲ" ಎಂದು ಅವರು ಬಂಡಿಗೆ ಹೇರಿಸಿಯೇಬಿಟ್ಟರು.

ಬೋರ್‌ವೆಲ್ಲಿನ ಪೈಪು ಬಗ್ಗಿಸಿ ಚಾಸಿ, ಮುರಿದ ಜೀಪಿನ ಗೇರುಪೆಟ್ಟಿಗೆ, ಇತ್ಯಾದಿ ಸೇರಿಸಿ ಇದನ್ನು ಮೋಟಾರು ಸೈಕಲ್ಲಾಗಿಸಲು ಅರ್ಜಿದಾರನಿಗೆ ನಾಲ್ಕು ವರ್ಷ ಹಿಡಿಯಿತು. ಮೊದಲ ದಿನ ಕೆರೆ ಏರಿಯ ತನಕ ಹೋಗುವಷ್ಟರಲ್ಲಿ ಎಂಜಿನ್ನು ಕೆಂಡವಾಯಿತು. ಆಕಾಶದಲ್ಲಿ ಹಾರುವಾಗ ಎದುರುಗಾಳಿಯೇ ಅದನ್ನು ತಣಿಸುತ್ತದೆ, ಮಿಡಿಗೇಶಿಯಲ್ಲಿ ಆ ಅನುಕೂಲವಿಲ್ಲ. ಕಾರಣ, ಅರ್ಜಿದಾರನು ಎಂಜಿನ್ನಿನ ಮುಂದೆ ಆರು ತಗಡಿನ ರೆಕ್ಕೆಯ ಫ್ಯಾನೊಂದನ್ನು ಬೆಲ್ಟಿನಿಂದ ತಿರುಗುವಂತೆ ಕೂರಿಸಿದನು. ಮುಂದಿನ ಎಲ್ಲ ತೊಂದರೆಯೂ ಈ ಫ್ಯಾನಿನಿಂದ.

೪. ಪಾಪಕ್ಕನವರು ಅಡ್ಡ ನಿಂತಾಗ ಎಂಜಿನ್ನನ್ನು ಆರಿಸಿ ಇಳಿದು ಕೈಮುಗಿಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಆಗುವುದಿಲ್ಲ. ಈ ಜಾತಿಯ ಎಂಜಿನ್ನಿನಲ್ಲಿ, ನಿಲ್ಲಿಸಿದ ಮೇಲೆ ಆಯಿಲ್ಲೆಲ್ಲ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ಕೂರುತ್ತದೆ. ಮತ್ತೆ ಶುರುಮಾಡುವ ಮುಂಚೆ ಕೈಯಿಂದ ಹತ್ತು ಹದಿನೈದು ಸುತ್ತು ತಿರುಗಿಸಿ ಅದನ್ನು ಹೊರಹಾಕದಿದ್ದರೆ ಒಳಗಿನ ರಾಡು ಮುರಿಯುತ್ತದೆ. ಕಾದಿದ್ದಾಗಲಂತೂ ಒಂದು ಗಂಟೆ ಮುಟ್ಟುವ ಹಾಗಿಲ್ಲ. ಆದ್ದರಿಂದ ಯಾರು ಅಡ್ಡ ನಿಂತರೂ ಅರ್ಜಿದಾರನು ಎಂಜಿನ್ನನ್ನು ಓಡಿಸಿಕೊಂಡೇ ನಿಲ್ಲಬೇಕು. ಅದು ಓಡುತ್ತಿದ್ದಷ್ಟು ಹೊತ್ತು ಗಾಳಿ ಬರುತ್ತದೆ. ಗಾಳಿ ಬರುತ್ತಿದ್ದಷ್ಟು ಹೊತ್ತು ಜನ ಬಿಡುವುದಿಲ್ಲ.

೫. ತೂರಿ ಮುಗಿದ ಮೇಲೆ ಪಾಪಕ್ಕನವರು ಎರಡು ಮೊರ ಹುರುಳಿಯನ್ನು ಚೀಲಕ್ಕೆ ಸುರಿದು ಗಾಡಿಯ ಹಿಂದಕ್ಕೆ ಕಟ್ಟಿಸಿದರು. "ತಗಂಡೋಗು. ನಿಮ್ಮಪ್ಪಾನೂ ಇಂಗೇ ತಗಂಡೋಗ್ತಿದ್ದ."

ಇದು ನಿಜ. ಅರ್ಜಿದಾರನ ತಂದೆ ದಿವಂಗತ ಕದಿರಯ್ಯನು ಪಾಪಕ್ಕನವರ ಮಾವನ ಕಣದಲ್ಲಿ, ರಾಶಿ ಅಳೆದು ಮುಗಿಯುವವರೆಗೆ ತುದಿಯಲ್ಲಿ ನಿಂತಿದ್ದು, ಊರ ಚಾಕರಿಗೆ ಕಾಳಿನಲ್ಲಿ ಕೊಡುವ ತನ್ನ ಪಾಲಿನ ಆಯವನ್ನು ಹೊದ್ದ ಬಟ್ಟೆಯನ್ನೊಡ್ಡಿ ಹಾಕಿಸಿಕೊಳ್ಳುತ್ತಿದ್ದನು. ಮೂವತ್ತು ಸುಗ್ಗಿ ಹಾಗೆ ನಿಂತನು. ಮಗನು ಅಲ್ಲಿಗೆ ಬರಕೂಡದೆಂದೇ ಅವನನ್ನು ಹತ್ತನೆಯ ವಯಸ್ಸಿಗೆ ಪಂಪ್‌ಸೆಟ್ ಅಂಗಡಿಯಲ್ಲಿ ಬಿಟ್ಟನು. ಅರ್ಜಿದಾರನು ಹುರುಳಿ ಬೇಡವೆಂದು ಎರಡು ಸಲ ಹೇಳಿದನು. ಐದು ಸಿಲಿಂಡರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮಧುಗಿರಿ ತಲುಪುವಷ್ಟರಲ್ಲಿ ಇನ್ನೂ ಐದು ಕಡೆ ಜನ ತಡೆದು ತೂರಿಸಿಕೊಂಡರು.

೬. ಎರಡೂವರೆ ಗಂಟೆಗೆ, ತಲೆಯಿಂದ ಕಾಲಿನವರೆಗೆ ಹೊಟ್ಟು ಮೆತ್ತಿಕೊಂಡು ಅರ್ಜಿದಾರನು ಹಾಜರಾದನು. ನಿರೀಕ್ಷಕರಾದ ಶ್ರೀ ನಂದೀಶ್ವರಯ್ಯನವರು ಗಾಡಿಯ ಸುತ್ತ ಮೂರು ಸುತ್ತು ಬಂದರು. ಅವರು ಸಜ್ಜನರು, ಕೈ ಒಡ್ಡುವವರಲ್ಲ. ಈ ಅರ್ಜಿಯಲ್ಲಿ ಅವರ ಮೇಲೆ ಯಾವ ದೂರೂ ಇಲ್ಲ.

"ಸಿಲಿಂಡರ್ ಎಷ್ಟಯ್ಯ?"

"ಐದು ಸ್ವಾಮಿ."

"ಮೋಟಾರ್ ಸೈಕಲ್ಲಿಗೆ ಐದು ಯಾಕೆ?"

"ವಿಮಾನಕ್ಕೆ ಬೇಕಾಗಿತ್ತು ಸ್ವಾಮಿ."

"ಸರಿ, ಇದರಿಂದ ಉಪಯೋಗ?"

"ಪಾವಗಡಕ್ಕೆ ಹೋಗ್ಬೌದು."

"ಪಾವಗಡದಲ್ಲಿ ಏನಿದೆ ನಿನಗೆ?"

"ಏನೂ ಇಲ್ಲ ಸ್ವಾಮಿ. ಹೋಗೋದು, ಬರೋದು."

ನಿರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಮನುಷ್ಯನು ಕೆಲಸವಿಲ್ಲದೆ ಪಾವಗಡಕ್ಕೆ ಹೋಗಿಬರುವನೆಂಬುದನ್ನು ಬರೆಯಲು ನಮೂನೆಯಲ್ಲಿ ಕಾಲಂ ಇರಲಿಲ್ಲ. ಆಗ ಅವರ ಕಣ್ಣು ಹಿಂದೆ ಕಟ್ಟಿದ್ದ ಚೀಲದ ಮೇಲೆ ಬಿತ್ತು. ಅದೇನೆಂದು ಕೇಳಿದರು. ಅರ್ಜಿದಾರನು ನಿಜ ಹೇಳಿದನು. ಈ ಪ್ರಕರಣದಲ್ಲಿ ಅವನು ಮಾಡಿದ ತಪ್ಪು ಇದೊಂದೇ.

"ಅಯ್ಯೋ ಮಾರಾಯ, ಇದನ್ನ ಮೊದಲೇ ಹೇಳಬಾರದೇ!" ಎಂದು ನಿರೀಕ್ಷಕರು ಹಿಗ್ಗಿ, ಮುಚ್ಚಳ ತೆಗೆದು, ವಾಹನದ ವರ್ಗ ಎಂಬಲ್ಲಿ "ಕಾಳು ತೂರುವ ಯಂತ್ರ (ಗಾಲಿ ಸಹಿತ)" ಎಂದು ಬರೆದರು.

೭. ಸದರಿ ವರ್ಗೀಕರಣದಿಂದ ಅರ್ಜಿದಾರನಿಗೆ ದೊರೆಯುವ ಅನುಕೂಲಗಳು: ರಸ್ತೆ ತೆರಿಗೆ ಇಲ್ಲ, ಲೈಸೆನ್ಸು ಬೇಡ, ವರ್ಷಕ್ಕೊಮ್ಮೆ ಸನ್ಮಾನವೂ ಆಗಬಹುದು. ಷರತ್ತುಗಳು: ಮುಂದಿನ ಗಾಲಿ, ಹ್ಯಾಂಡಲ್ಲು ಮತ್ತು ಸೀಟನ್ನು ಕಳಚಿ ಒಪ್ಪಿಸುವುದು. ಯಂತ್ರವನ್ನು ಎತ್ತಿನ ಗಾಡಿಯಲ್ಲಿ ಊರಿಂದೂರಿಗೆ ಸಾಗಿಸುವುದು. ಅರ್ಜಿದಾರನು ಯಂತ್ರದ ಜೊತೆಗಿದ್ದು, ಕರೆದವರ ಕಣಕ್ಕೆ ಹೋಗುವುದು. ಕೂಲಿಯನ್ನು ಸ್ಥಳೀಯ ವಾಡಿಕೆಯಂತೆ ಕಾಳಿನ ರೂಪದಲ್ಲಿ, ಕಣದಲ್ಲೇ, ರಾಶಿ ಅಳೆದ ಬಳಿಕ ಪಡೆಯುವುದು.

ಮೂವತ್ತು ದಿನದೊಳಗೆ ಒಪ್ಪದಿದ್ದರೆ, ಈಗ ಕ್ಯಾಂಪಿನ ಅಂಗಳದಲ್ಲಿ ನಿಂತಿರುವ ವಾಹನವನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ವಿಲೇವಾರಿ ಮಾಡಲಾಗುವುದು.

೮. ಸುದ್ದಿ ಬಡವನಹಳ್ಳಿ ಸಂತೆಯವರೆಗೂ ಹೋಯಿತು. ಮುಂದಿನ ವಾರ ಅರವತ್ತೆರಡು ಜನ ರೈತರು, ಯಂತ್ರವೆಂದೇ ದಾಖಲಿಸಬೇಕೆಂದು ಸಹಿ ಹಾಕಿದ ಮನವಿಯನ್ನು ಸಲ್ಲಿಸಿದರು. ಅರ್ಜಿದಾರನ ಹಟ್ಟಿಗೆ ನಲ್ಲಿ ಬೇಕೆಂದು ಕೇಳಿದಾಗ ಹನ್ನೊಂದು ಸಹಿ ಸಿಕ್ಕಿದ್ದವು. ಮೊದಲ ಸಹಿ ಹಾಕಿದ ಪಾಪಕ್ಕನವರು ಪ್ರೀತಿಯಿಂದಲೇ ಹೇಳಿದರು: "ನಿನ್ ಮಿಶೀನು ಊರ್ಗೆ ಅಂತ್ಲೇ ಬಂದಿರೋದು ಕಣ್ಲಾ. ಅದ್ರ ಮ್ಯಾಲೆ ಕೂತ್ಕಂಡು ನೀನೆಲ್ಲಿಗೆ ಹೋಗ್ಬೇಕು ಹೇಳು?"

ಇದಕ್ಕೆ ಅರ್ಜಿದಾರನ ಉತ್ತರವನ್ನು ಕೆಳಗೆ ಕಾಣಿಸಿದೆ.

(ಅ) ಬಸ್ಸಿನ ಗಾಲಿಯೂ ದಿನಾ ಹುರುಳಿ ಒಕ್ಕುತ್ತದೆ. ಬಸ್ಸನ್ನು ಯಾರೂ ಒಕ್ಕಣೆ ಯಂತ್ರವೆಂದು ದಾಖಲಿಸಿಲ್ಲ. ಡ್ರೈವರನಿಗೆ ಸಂಬಳವನ್ನು ಮೊರದಲ್ಲಿ ಕೊಡುವುದಿಲ್ಲ.

(ಆ) ಕಳೆದ ದೀಪಾವಳಿಯ ಮಾರನೆಯ ದಿನ, ರಸ್ತೆಯ ಮೇಲೆ ಇನ್ನೂ ಯಾವ ಫಸಲೂ ಬಂದಿರದಿದ್ದಾಗ, ಅರ್ಜಿದಾರನು ಪಾವಗಡದ ದಿಕ್ಕಿಗೆ ನಾಲ್ಕು ಮೈಲಿ ಹೋಗಿದ್ದನು. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಸಾಲಾಗಿ ಹೊತ್ತಿಕೊಳ್ಳುವುದಿಲ್ಲ: ಒಂದು, ಮೂರು, ಐದು, ಎರಡು, ನಾಲ್ಕು. ಒಂದನ್ನು ಹಾರಿ ಒಂದು. ಮಿಡಿಗೇಶಿ ಬೆಟ್ಟ ಹಿಂದೆ ಸರಿಯಿತು. ಯಾರೂ ಅವನನ್ನು ಕರೆದಿರಲಿಲ್ಲ, ಅವನು ಯಾರ ಕೆಲಸಕ್ಕೂ ಹೋಗುತ್ತಿರಲಿಲ್ಲ. ಎದುರಿಗೆ ಬಂದ ಕುರಿಮಂದೆಯೊಂದು ದಾರಿ ಬಿಟ್ಟಿತು. ಈ ಸಂಗತಿಗೆ ಸಾಕ್ಷಿಗಳಿಲ್ಲ.

೯. ಮುಚ್ಚಿಡಬಾರದೆಂಬ ಕಾರಣಕ್ಕೆ ಇದನ್ನೂ ಅರಿಕೆ ಮಾಡಿದೆ. ಈ ತಿಂಗಳ ದಿನಾಂಕ ೧೮ರಂದು ಅರ್ಜಿದಾರನು ಸೋತನು. ತೂಕಕ್ಕೆ ಹೋಗುವುದಕ್ಕಿಂತ ಒಂದು ಗಾಲಿಯಲ್ಲಾದರೂ ಉಳಿಯಲಿ ಎಂದುಕೊಂಡು ಕ್ಯಾಂಪಿಗೆ ಹೋಗಿ, ನಮೂನೆಯ ಕೊನೆಯಲ್ಲಿ ಸಹಿ ಹಾಕಿದನು. ಆದರೆ ಕೃಷಿ ಉಪಕರಣವು ಜಮೀನಿದ್ದವರ ಹೆಸರಿನಲ್ಲೇ ಇರತಕ್ಕದ್ದಂತೆ. ಅರ್ಜಿದಾರನಿಗೆ ಜಮೀನಿಲ್ಲ. ಮಂಜೂರಾದ ಒಂದೂವರೆ ಎಕರೆ ಅವನ ಹೆಂಡತಿ ಓಬಳಮ್ಮನ ಹೆಸರಿನಲ್ಲಿದೆ. ಕಾರಣ, ಆಕೆಯ ಹೆಬ್ಬೆಟ್ಟು ಪಡೆಯಲು ದಿನಾಂಕ ೨೨ರಂದು ಖುದ್ದು ನಿರೀಕ್ಷಕರೇ ಜೀಪಿನಲ್ಲಿ ಮಿಡಿಗೇಶಿಗೆ ದಯಮಾಡಿಸಿದರು. ಅಂದು ನಡೆದದ್ದನ್ನು ಅಡಕ ೪ರಲ್ಲಿ ವಿವರಿಸಿದೆ.

ಆದ್ದರಿಂದ, ಮಾನ್ಯರು ಗಡುವು ಮುಗಿಯುವ ಮುನ್ನ ಸದರಿ ವಾಹನವನ್ನು ಮೋಟಾರು ಸೈಕಲ್ಲೆಂದು ದಾಖಲಿಸಿ, ಯಾವುದಾದರೂ ಒಂದು ನಂಬರನ್ನು, ಯಾರಿಗೂ ಬೇಡವಾದದ್ದಾದರೂ ಸರಿ, ನೀಡಬೇಕೆಂದೂ, "ಉಪಯೋಗ" ಎಂಬ ಕಾಲಂನಲ್ಲಿ "ಇಲ್ಲ" ಎಂದು ಬರೆಯಲು ಅಪ್ಪಣೆ ಕೊಡಬೇಕೆಂದೂ ಅರ್ಜಿದಾರನು ಕೋರುತ್ತಾನೆ.

ತಮ್ಮ ಮೇಲೆ ಇನ್ನೂ ವಿಶ್ವಾಸವಿಟ್ಟಿರುವ,
ಕದರಪ್ಪ (ಸಹಿ)
ಮಧುಗಿರಿ, ೨೪-೨-೧೯೮೪

ಅಡಕಗಳು:

೧. ತಪಾಸಣಾ ವರದಿಯ ನಕಲು.

೨. ಅರವತ್ತೆರಡು ಸಹಿಗಳ ಮನವಿ. ಇದು ಅರ್ಜಿದಾರನ ವಿರುದ್ಧವಾಗಿದೆ. ಆದರೂ ಇಟ್ಟಿದೆ.

೩. ವಾಹನದ ಫೋಟೋ ಒಂದು. ಸೀಟಿನ ಮೇಲೆ ಕೂತಿರುವುದು ಅರ್ಜಿದಾರನೇ. ಫ್ಯಾನು ಅಡ್ಡ ಬಂದು ಮುಖ ಕಾಣುವುದಿಲ್ಲ.

೪. ಕೃಷಿ ಉಪಕರಣದ ನಮೂನೆ, ಭರ್ತಿ ಮಾಡಿದ್ದು. ಹೆಬ್ಬೆಟ್ಟಿನ ಜಾಗ ಖಾಲಿ ಇದೆ. ವಿವರಣೆ:

ನಿರೀಕ್ಷಕರು ಜಗಲಿಯ ಮೇಲೆ ಕೂತು, ಶಾಯಿಡಬ್ಬಿಯನ್ನು ತಾವೇ ತೆರೆದು ಮುಂದೆ ತಳ್ಳಿದರು. "ಒಂದು ಒತ್ತಮ್ಮ, ಸಾಕು. ನಿಮ್ಮ ಒಳ್ಳೆಯದಕ್ಕೇ."

ಓಬಳಮ್ಮ ರಾಗಿಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಏನ್ ಬರ್ದೈತೆ ಓದಿ ಸ್ವಾಮಿ."

ಅವರು ಓದಿದರು. ಕೂಲಿಯ ಸಾಲು ಬಂದಾಗ ಆಕೆ ಇನ್ನೊಂದು ಸಲ ಓದಿ ಎಂದಳು. ಅವರು ಇನ್ನೊಂದು ಸಲ, ನಿಧಾನವಾಗಿ ಓದಿದರು.

"ಒಪ್ಕಂಡವ್ರಾ ಇವ್ರು?"

"ಸಹಿ ಹಾಕಿದ್ದಾನೆ ನೋಡು."

ಓಬಳಮ್ಮ ಗಂಡನ ಸಹಿಯನ್ನು ನೋಡಿದಳು. ಅರ್ಜಿದಾರನು ಜೀಪಿನ ಟೈರನ್ನು ನೋಡುತ್ತಿದ್ದನು.

"ಒತ್ತದಿದ್ದರೆ ಗಾಡಿ ಗುಜರಿಗೆ ಹೋಗುತ್ತಮ್ಮ" ಎಂದರು ನಿರೀಕ್ಷಕರು.

"ಹೋಗ್ಲಿ."

"ತೂಕಕ್ಕೆ ಹಾಕ್ತಾರೆ. ನಾಲ್ಕು ವರ್ಷದ ಕೆಲಸ."

"ಹಾಕ್ಲಿ ಬುಡಿ ಸ್ವಾಮಿ. ಕಣಕ್ಕೆ ಮಾತ್ರ ಇವ್ರು ಹೋಗಾಕಿಲ್ಲ" ಎಂದು ಓಬಳಮ್ಮ ಶಾಯಿಡಬ್ಬಿಯ ಮುಚ್ಚಳ ಮುಚ್ಚಿದಳು. "ನಾನ್ ಒತ್ತಲ್ಲ."