ಅಜ್ಜಾರ ಅಪ್ಪಣೆ

ಜಮಖಂಡಿ ಕಡೆಯ ಒಂದು ಮಠದ ಸ್ವಾಮಿಗಳಿಗೆ ನಾನು ಡ್ರೈವರ್. ಅವರನ್ನು ನಾವೆಲ್ಲ ಅಜ್ಜಾರು ಅಂತೀವಿ. ಸುತ್ತಲಿನ ಊರುಗಳಲ್ಲಿ ಅವರ ಮಾತಿಗೆ ಎದುರಿಲ್ಲ. ಆ ಮಾತು ಹುಟ್ಟುವುದನ್ನು ಹತ್ತಿರದಿಂದ ನೋಡುವವನಿಗೆ ಮಾತ್ರ ನಗು ತಡೆಯುವುದೂ ಒಂದು ಸೇವೆಯೇ.

೧. ಹೂಂ

ಬನಹಟ್ಟಿಯ ನೇಕಾರನೊಬ್ಬ ಬಂದ. ಮಗ್ಗ ಮಾರಿ ಕಿರಾಣಿ ಅಂಗಡಿ ಇಡಬೇಕೋ ಬೇಡವೋ ಎಂಬ ಚಿಂತೆ ಅವನಿಗೆ. ಅಂಗಡಿಯ ಅನುಕೂಲ ಹೇಳಿದ. ಅಜ್ಜಾರು "ಹೂಂ" ಅಂದರು. ಆಮೇಲೆ, ಅದು ಅಪ್ಪ ಹಾಕಿಸಿದ ಮಗ್ಗ ಅಂದ. ಅಜ್ಜಾರದು ಮತ್ತೊಂದು "ಹೂಂ", ಸ್ವಲ್ಪ ಉದ್ದ.

"ಅಪ್ಪಣಿ ಆತ್ರಿ ಅಜ್ಜಾರ. ಮಗ್ಗ ಮಾರಂಗಿಲ್ರಿ!" ಎಂದು ಕಾಲಿಗೆ ಬಿದ್ದು ಹೋದ.

ಆಮೇಲೆ ಗಾಡಿಯಲ್ಲಿ ಅಜ್ಜಾರು ಮೆಲ್ಲಗೆ ಕೇಳಿದರು: "ತಮ್ಮಾ, ನಾ ಏನ್ ಅಪ್ಪಣಿ ಕೊಟ್ನೋ?"

೨. ಇಬ್ಬರೂ ಸೋತದ್ದು

ರನ್ನ ಬೆಳಗಲಿಯ ಅಣ್ಣತಮ್ಮಂದಿರಿಗೆ ಬಾವಿ ನೀರಿನ ಪಾಳಿಗಾಗಿ ಜಗಳ. ಮಾತು ಬಿಟ್ಟಿದ್ದರು, ಕುಡಗೋಲು ಹಿಡಿಯುವುದೊಂದು ಬಾಕಿ. ಅಜ್ಜಾರು ಅಣ್ಣನನ್ನು ಒಬ್ಬನೇ ಕರೆದು, "ನೀ ಹಿರ್ಯಾ ಅದಿ, ನೀನ ಸೋಲು" ಅಂದರು. ಆಮೇಲೆ ತಮ್ಮನನ್ನು ಕರೆದು, "ನೀ ಸಣ್ಣಾವ ಅದಿ, ನೀನ ಸೋಲು" ಅಂದರು. ಇಬ್ಬರೂ ಕಣ್ಣೊರೆಸಿಕೊಂಡು ಒಂದೇ ಬೈಕಿನಲ್ಲಿ ಹೋದರು.

ವಾರದೊಳಗೆ ಇಬ್ಬರೂ ಹಾಜರು. "ನೀ ಮೊದಲ ನೀರ ಹಾಯ್ಸು ಅಂತ ಅಂವ, ನೀ ಹಾಯ್ಸು ಅಂತ ನಾ. ಯಾರೂ ಮೋಟಾರ್ ಚಾಲೂ ಮಾಡವಲ್ವಿರಿ," ಅಂದ ಅಣ್ಣ. "ಸೋತದ್ದ ಸಾಕ್ರಿ ಅಜ್ಜಾರ, ಕಬ್ಬ ಒಣಗಾಕತ್ತೈತಿ!"

೩. ತುಬಚಿಯ ಮುದುಕಿ

ಗಂಡ ತೀರಿಕೊಂಡ ಮೇಲೆ ಆಕೆ ಊಟ ಬಿಟ್ಟಿದ್ದಳು. ಮಗಳು ಮಠಕ್ಕೆ ಕರೆತಂದಳು. ಶರೀರ ಶಾಶ್ವತವಲ್ಲ ಎಂದು ಅಜ್ಜಾರು ಬಹಳ ಹೊತ್ತು ಸಮಾಧಾನ ಹೇಳಿದರು. ಮುದುಕಿ ತಲೆ ಎತ್ತಿ ಕೇಳಿದಳು: "ನಿಮಗ ಲಗ್ನಾ ಇಲ್ಲ, ಮನಿ ಇಲ್ಲ. ನಿಮಗೇನ್ ತಿಳೀತೈತ್ರಿ?"

ಮಗಳು ತಾಯಿಯ ಸೆರಗು ಜಗ್ಗಿದಳು.

"ಖರೆ ಐತಿ ಯವ್ವಾ," ಅಂದರು ಅಜ್ಜಾರು. "ನನಗ ತಿಳ್ಯಾಂಗಿಲ್ಲ. ನೀನ ಹೇಳು."

"ಅಂವನ ಗೊರಕಿಗೆ ಜಲ್ಮೆಲ್ಲಾ ಬೈದೇನ್ರಿ. ಈಗ ಅದ ಇಲ್ಲಂದ್ರ ನಿದ್ದಿನ ಬರವಲ್ದು."

ಅಜ್ಜಾರ ಕಣ್ಣು ತುಂಬಿತು. ಮೆಲ್ಲಗೆ ಅಂದರು: "ನಾನೂ ಗೊರಕಿ ಹೊಡೀತೀನಿ ಯವ್ವಾ. ಮಠದಾಗ ಯಾರೂ ಬೈಯಂಗಿಲ್ಲ. ಬೈಯಾವ್ರು ಇರೋದೂ ಒಂದು ಭಾಗ್ಯ."

ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಪ್ರಸಾದದ ತಾಟು ಹತ್ತಿರ ಎಳೆದುಕೊಂಡಳು.

"ಗೊರಕಿ ಹೊಡೀತೀರೇನ? ಇದನ್ನ ಮೊದಲ ಹೇಳಬೇಕಿಲ್ರಿ? ನೀವೂ ನಮ್ಮಂಥಾ ಮನಶ್ಯಾರ ಅದೀರಿ. ಹೇಳ್ರಿ, ಇನ್ನ ನಿಮ್ಮ ಮಾತ ಕೇಳ್ತೀನಿ."