ಪಕ್ಕದ ಮನೆಯ ಗಾಲಿ

ಶಿರಾದ ಬಸವೇಶನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಹೆಂಡತಿ ಲೋಹಿತಾ ಆಡಿದ ಒಂದೇ ಮಾತಿನಿಂದ. ಪಕ್ಕದ ಮನೆಯ ನಾಗಭೂಷಣ ಗೇರ್ ಸೈಕಲ್ ಕೊಂಡು ದಿನಾ ಬೆಳಿಗ್ಗೆ ತುಳಿದು ಬರುತ್ತಿದ್ದ. ಕಾಂಪೌಂಡಿನ ಮೇಲಿಂದ ಅವನನ್ನು ನೋಡಿದ ಲೋಹಿತಾ, "ಭೂಷಣಣ್ಣನ ಹೊಟ್ಟೆ ಎಷ್ಟು ಕರಗೋಗೈತೆ ನೋಡಿ" ಅಂದಳು. ಗಂಡನ ಹೊಟ್ಟೆಯ ಸುದ್ದಿ ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ಬಸವೇಶ ಅಂಥದೇ ಸೈಕಲ್ಲನ್ನು ಅದೇ ಬಣ್ಣದಲ್ಲಿ ತರಿಸಿದ. ಭಾನುವಾರ ಬೀದಿಯವರೆಲ್ಲ ಸೇರಿ ಗೌಡಗೆರೆಯವರೆಗೆ ಸೈಕಲ್ ತುಳಿಯುವುದೆಂದು ನಿಶ್ಚಯವಾಗಿತ್ತು. ಬಾವುಟ ಕಟ್ಟಿಕೊಂಡು ಎಲ್ಲರ ಮುಂದೆ ಹೋಗುವವನು ನಾಗಭೂಷಣ. ಅವನನ್ನು ಲೋಹಿತಾಳ ಕಣ್ಣೆದುರೇ ಹಿಂದೆ ಹಾಕಬೇಕು. ಬಸವೇಶನಿಗೆ ಬೇರೇನೂ ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದರೆ ಸೈಕಲ್ಲು ಒಂದು ಕಡೆ, ಮುಂದಿನ ಗಾಲಿ ಇನ್ನೊಂದು ಕಡೆ. ಗಾಲಿಯ ನಡುವೆ ತೂರಿಸಲು ಒಂದು ಉದ್ದನೆಯ ಸರಳು, ಅದರ ತುದಿಗೊಂದು ಪುಟ್ಟ ಹಿಡಿ. ಎದುರು ಮನೆಯ ಪುಟ್ಟಕ್ಕ ಪೊರಕೆ ಹಿಡಿದೇ ಬಂದು ಬಗ್ಗಿ ನೋಡಿದಳು.

"ಏನಪ್ಪಾ ಇದು, ಸೌಟಿನ ಹಿಡಿ ಇದ್ದಂಗೈತೆ?"

"ಕ್ವಿಕ್ ರಿಲೀಸ್ ಅಂತಾರೆ ಪುಟ್ಟಕ್ಕ."

"ಯಾವ ಟಾಕೀಸ್ನಾಗೆ ರಿಲೀಸು?"

ಅಷ್ಟರಲ್ಲಿ ರುದ್ರಯ್ಯನೂ ಬಂದ. ಊರಿಗೆ ನೀರು ಬಿಡುವ ಕೆಲಸದಿಂದ ನಿವೃತ್ತನಾದ ಅವನ ಕಣ್ಣಿಗೆ ತಿರುಗುವುದೆಲ್ಲ ನಲ್ಲಿಯೇ. "ಹಿಡಿ ಹೊರಗೆ ಚಾಚ್ಕಂಡಿರ್ಲಿ, ಬಲಕ್ಕೆ ತಿರುವು. ನಿಲ್ಲೋಗಂಟ ತಿರುವು. ಭೂಷಣನ ಗಾಡೀಗೂ ನಾನೇ ತಿರುವ್ಕೊಟ್ಟಿದ್ದು" ಅಂದ.

"ಭೂಷಣಣ್ಣನ್ನೇ ಒಂದ್ಮಾತು ಕೇಳ್ಬಾರ್ದಾ?" ಎಂದು ಲೋಹಿತಾ ಒಳಗಿನಿಂದ ಕೂಗಿದಳು.

"ಸೈಕಲ್ನ ಹೊತ್ಕೊಂಡಾದ್ರೂ ಹೋಗ್ತೀನಿ, ಅವನ್ನ ಮಾತ್ರ ಕೇಳಲ್ಲ" ಅಂದ ಬಸವೇಶ, ಕೈ ನೋಯುವವರೆಗೆ ತಿರುವಿದ. ಆಮೇಲೆ ಕಾಂಪೌಂಡಿನಾಚೆ ಕಳ್ಳನೋಟ ಹಾಯಿಸಿದ. ನಾಗಭೂಷಣನ ಗಾಲಿಯ ಹಿಡಿಯೂ ಹೀಗೇ ಮೇಕೆಯ ಕಿವಿಯ ಹಾಗೆ ಹೊರಗೆ ಚಾಚಿತ್ತು. ಸದ್ಯ, ಎರಡೂ ಒಂದೇ ಎಂದು ಸಮಾಧಾನವಾಯಿತು.

ಆ ಸಮಾಧಾನ ಅಡುಗೆಮನೆಯ ಬಾಗಿಲವರೆಗೂ ಬಾಳಲಿಲ್ಲ. ಲೋಹಿತಾ ಎರಡು ಡಬ್ಬಿಗೆ ಉಪ್ಪಿಟ್ಟು ತುಂಬುತ್ತಿದ್ದಳು. ಗೋಡಂಬಿಯೆಲ್ಲ ಒಂದೇ ಡಬ್ಬಿಯಲ್ಲಿತ್ತು.

"ಇದು ನಂದಾ?"

"ಅದು ಭೂಷಣಣ್ಣಂದು. ಪಾಪ, ಮುಂದೆ ತುಳಿಯೋರು."

ಬಸವೇಶನ ತಲೆಗೆ ಮೆಣಸಿನಕಾಯಿ ಅರೆದಂತಾಯಿತು. ನೇರ ಪಕ್ಕದ ಮನೆಯ ಅಂಗಳಕ್ಕೆ ಹೋದ. ಹಿಡಿ ಹೊರಗಿದ್ದರೆ ಬಿಗಿ ಎಂದಾದ ಮೇಲೆ ಒಳಕ್ಕೆ ಮಡಚಿದರೆ ಸಡಿಲ ತಾನೆ? ಬೀಳುವುದೇನೂ ಬೇಡ, ಗಾಲಿ ಒಂಚೂರು ಅಲ್ಲಾಡಿ ಅವನು ಹಿಂದೆ ಉಳಿದರೆ ಸಾಕು ಎಂದು ಮನಸ್ಸಿಗೆ ಸಮಜಾಯಿಷಿಯನ್ನೂ ಹೇಳಿಕೊಂಡ. ಹಿಡಿ ಸುಲಭಕ್ಕೆ ಬಗ್ಗಲಿಲ್ಲ. ಎರಡೂ ಕೈ ಹಾಕಿ ಒತ್ತಿದ ಮೇಲೆ ಮಡಚಿಕೊಂಡಿತು. ಅಂಗೈ ಮೇಲೆ ಕೆಂಪಗೆ ಬರೆ ಮೂಡಿತು.

ಹಲ್ಲಿನ ಡಾಕ್ಟರ್ ಭವ್ಯ ಈ ಸವಾರಿಯ ಉಸ್ತುವಾರಿ. ಅವಳು ಸೀಟಿ ಊದಿದ್ದೇ ತಡ, ಬಸವೇಶ ನಾಗಭೂಷಣನನ್ನು ದಾಟಿ ಮುಂದೆ ಬಂದ. ಎಂಥಾ ಸುಖ! ಲೋಹಿತಾ ನೋಡುತ್ತಿದ್ದಾಳೋ ಇಲ್ಲವೋ ಎಂದು ಕತ್ತು ಹಿಂದಕ್ಕೆ ತಿರುಗಿಸಿದ. ಬೀದಿ ಕೊನೆಯ ರೋಡ್ ಹಂಪು ಬಂದದ್ದು ಆಗಲೇ. ಸೈಕಲ್ಲು ಎಗರಿತು. ಮುಂದಿನ ಗಾಲಿ ಅದರ ಸಂಗ ಬಿಟ್ಟು ಗೌಡಗೆರೆ ದಾರಿ ಹಿಡಿಯಿತು. ಯಾರೋ ಕಟ್ಟಿಸುತ್ತಿದ್ದ ಮನೆಯ ಮುಂದಿನ ಮರಳುಗುಡ್ಡೆಯಲ್ಲಿ ಬಸವೇಶ ಮುಖವಿಟ್ಟು ಮಲಗಿದ.

ಎಲ್ಲರೂ ಓಡಿಬಂದರು. ಭವ್ಯ ಸೈಕಲ್ ಪರೀಕ್ಷಿಸಿ, "ಸರ್, ಇದನ್ನ ನಲ್ಲಿ ಥರ ತಿರುವೋದಲ್ಲ. ಹಿಡಿನ ಒಳಕ್ಕೆ ಮಡಚಿ ಒತ್ತಬೇಕು. ಅಂಗೈ ಮೇಲೆ ಗುರುತು ಬೀಳೋಷ್ಟು ಒತ್ತಿದ್ರೇನೇ ಗಾಲಿ ಬಿಗಿ" ಅಂದಳು. ರುದ್ರಯ್ಯ ಆಕಾಶದಲ್ಲಿ ಮೋಡ ಹುಡುಕತೊಡಗಿದ. ಬಸವೇಶ ಕೈಯನ್ನು ಜೇಬಿಗೆ ಹಾಕಿಕೊಂಡ.

ಭವ್ಯ ಪಕ್ಕದಲ್ಲಿದ್ದ ನಾಗಭೂಷಣನ ಸೈಕಲ್ ನೋಡಿದಳು. "ಇದು ನೋಡಿ, ಎಷ್ಟು ಸರಿಯಾಗಿದೆ. ಯಾರು ಹಾಕಿದ್ದು?"

"ಗೊತ್ತಿಲ್ಲ ಮೇಡಂ. ನಿನ್ನೆಗಂಟ ಲಟಲಟ ಅಂತಿತ್ತು" ಅಂದ ನಾಗಭೂಷಣ.

"ನಮ್ ಬಸವೇಶಪ್ಪ ಕಣಮ್ಮ" ಅಂದಳು ಪುಟ್ಟಕ್ಕ. "ನಾನು ರಂಗೋಲಿ ಬುಡ್ತಾ ಕಣ್ಣಾರೆ ಕಂಡೆ. ಯಾರ್ಗೂ ಹೇಳ್ದಂಗೆ ಬಂದು, ಎಲ್ಡೂ ಕೈನಾಗೆ ಒತ್ಬುಟ್ಟು ಹೋಯ್ತು."

ನಾಗಭೂಷಣನ ಕಣ್ಣು ತುಂಬಿತು. ಮರಳಿನ ಸಮೇತ ಬಸವೇಶನನ್ನು ತಬ್ಬಿಕೊಂಡ. "ನಿಂದು ಬುಟ್ಟು ನಂದು ಸರಿ ಮಾಡಿದ್ಯಲ್ಲಣ್ಣ. ಇಲ್ದಿದ್ರೆ ಇವತ್ತು ನಾನೇ ಬೀಳ್ತಿದ್ದೆ."

ಅದೇ ಆಗಬೇಕಿತ್ತು ಎನ್ನುವ ಮಾತು ಬಸವೇಶನ ನಾಲಿಗೆಯ ತುದಿಗೆ ಬಂದು ಕೂತಿತು. ಆದರೆ ಲೋಹಿತಾ ಮದುವೆಯಾದಾಗಿನಿಂದ ನೋಡದ ಹಾಗೆ ಅವನನ್ನೇ ನೋಡುತ್ತಿದ್ದಳು. ಮಾತನ್ನು ಮರಳಿನ ಜೊತೆ ನುಂಗಿಕೊಂಡ.

"ವಾರಕ್ಕೊಂದ್ಸಲಿ ಬಂದು ಹಿಂಗೇ ಕೈ ಹಾಕ್ಬುಡಣ್ಣ" ಅಂದ ನಾಗಭೂಷಣ.

"ವಾರಕ್ಕೊಂದ್ಸಲಿ ಯಾಕೆ ಭೂಷಣಣ್ಣ?" ಎಂದಳು ಲೋಹಿತಾ, ಹೆಮ್ಮೆಯಿಂದ ಗಂಡನ ಬೆನ್ನಿನ ಮರಳು ಕೊಡವುತ್ತ. "ದಿನಾ ಬೆಳಿಗ್ಗೆ ನಿಮ್ ಗಾಲಿ ಬಿಗಿ ಮಾಡಿ, ನಿಮ್ಮನ್ನ ಕಳಿಸ್ಕೊಟ್ಟೇ ಇವರು ಕಾಫಿ ಕುಡೀತಾರೆ."