ಖಾಲಿ ಬಸ್ಸಿನಲ್ಲಿ ನಿಂತವರು

ಒಂದು ಪ್ರಶ್ನೆ ಕೇಳ್ತೀನಿ, ಊಹಿಸಿ ನೋಡೋಣ. ಜಾಲಹಳ್ಳಿಯಿಂದ ಮೆಜೆಸ್ಟಿಕ್‌ಗೆ ಹೊರಟ ಸಿಟಿ ಬಸ್ಸು, ಸೀಟುಗಳೆಲ್ಲ ಖಾಲಿ. ಮೂವರು ಹೆಂಗಸರು ಹತ್ತುತ್ತಾರೆ, ಸಾಲಾಗಿ ನಿಂತು ಮೇಲಿನ ಕಂಬಿ ಹಿಡಿಯುತ್ತಾರೆ. ಕಂಡಕ್ಟರು ಬೇಡಿಕೊಂಡರೂ ಕೂರುವುದಿಲ್ಲ. ಯಾಕೆ?

ಸೀಟು ಹರಿದಿತ್ತು ಅಂತೀರಿ. ಇಲ್ಲ. ಸೊಂಟ ನೋವೇ? ಅದೂ ಅಲ್ಲ. ಹರಕೆಯೇ? ಹತ್ತಿರ ಬಂದಿರಿ, ಆದರೂ ಅಲ್ಲ. ನೀವು ಯೋಚಿಸುತ್ತಿರಿ, ನಾನು ಮೊದಲಿನಿಂದ ಹೇಳಿಕೊಂಡು ಬರುತ್ತೇನೆ. ಆ ವರ್ಷ ನಮ್ಮ ಮನೆಯಲ್ಲಿ ಇಂಥವು ಒಂದರ ಹಿಂದೆ ಒಂದು ನಡೆಯುತ್ತಲೇ ಇದ್ದವು. ಕಾಯಿಲೆ ಬಂದ ಮನೆಯಲ್ಲಿ ನಗು ಇರುವುದಿಲ್ಲ ಅಂತ ಯಾರು ಹೇಳಿದರೋ, ಅವರು ನಮ್ಮ ಮನೆಗೆ ಬಂದಿರಲಿಲ್ಲ.

ನನ್ನಾಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ಬೇಡ ಅಂದೋರ್ಯಾರು? ಆದ್ರೆ ನಾನು ಬಿದ್ದಿದ್ದನ್ನ ಬರೆದ್ರೆ ನೀವು ಬಿದ್ದಿದ್ದನ್ನೂ ಬರೀಬೇಕು" ಅಂತ ಷರತ್ತು ಹಾಕಿದ್ದಾಳೆ. ಒಪ್ಪಿದ್ದೇನೆ.

೧. ಕಂಬಿಯ ಎತ್ತರ

ಆಗ ನಾನು ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಅಂದರೆ ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ನೆರಳಲ್ಲಿ ಕೂತು ಅಳೆದು, ಸರಿಯಿಲ್ಲ ಅನ್ನುವ ಕೆಲಸ. ನನ್ನಾಕೆಗೆ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡು, ಆಪರೇಷನ್ ಆಗಿ, ಬಲಗಡೆಯ ಸ್ತನವನ್ನೇ ತೆಗೆದರು. ಕ್ಯಾನ್ಸರ್ ಅನ್ನುವ ಮಾತನ್ನು ಆಗ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. "ಅದಂತೆ" ಅಂತ ಕಣ್ಣಲ್ಲೇ ಹೇಳಿ ಮುಗಿಸುತ್ತಿದ್ದರು.

ಗಾಯವೇನೋ ಮಾಯಿತು, ಆದರೆ ಬಲಗೈ ಭುಜದಿಂದ ಮೇಲಕ್ಕೆ ಏಳಲೊಲ್ಲದು. ಹೊಲಿಗೆ ಬಿಚ್ಚಿಸಿಕೊಂಡು ಬಸ್ಸಿನಲ್ಲಿ ವಾಪಸ್ಸು ಬರುವಾಗ ಡ್ರೈವರು ಬ್ರೇಕ್ ಹಾಕಿದ. ಅಭ್ಯಾಸಬಲದಿಂದ ಈಕೆ ಕಂಬಿಗೆ ಕೈ ಎತ್ತಹೋದಳು, ಕೈ ಏಳಲಿಲ್ಲ. ಸೀದಾ ಹೋಗಿ ಒಬ್ಬ ಪೊಲೀಸಿನವರ ತೊಡೆಯ ಮೇಲೆ ಕೂತಳು. ಅವರು ಪಾಪ, "ಪರವಾಗಿಲ್ಲ ತಾಯಿ, ಕೂತ್ಕೊಳ್ಳಿ" ಅಂದರು.

ಅವತ್ತೇ ಕೊನೆ. "ಕಂಬಿ ಹಿಡಿಯೋಕಾದ ದಿನ ಬಸ್ ಹತ್ತೀನಿ, ಅಲ್ಲೀವರೆಗೂ ಗೇಟ್ ದಾಟಲ್ಲ" ಅಂದಳು. ಅನ್ನುವುದೇನು, ಹಾಗೇ ಮಾಡಿದಳು. ವಾರಕ್ಕೊಂದು ಸಲ ಮೆಜೆಸ್ಟಿಕ್ ನೋಡದಿದ್ದರೆ ತಲೆನೋವು ಬರುತ್ತಿದ್ದ ಹೆಂಗಸು, ಹಾಲಿನ ಬೂತಿಗೂ ಹೋಗದೆ ಕಿಟಕಿ ಪಕ್ಕ ಕೂತುಬಿಟ್ಟಳು. ಗೋಡೆಗೆ ಬೆರಳಿಟ್ಟು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಿ ಅಂತ ಡಾಕ್ಟರು ಹೇಳಿಕೊಟ್ಟಿದ್ದರು. ಈಕೆ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಅಳತೆಯವನಿಗೆ ಅಳತೆಯದ್ದೇ ಬುದ್ಧಿ. ಕಂಬಿಯ ಎತ್ತರಕ್ಕೆ ಗೋಡೆಯ ಮೇಲೊಂದು ಗೆರೆ ಎಳೆದರೆ ಹುಮ್ಮಸ್ಸು ಬರಬಹುದು ಅನ್ನಿಸಿತು. ಉಕ್ಕಿನ ಟೇಪು ಹಿಡಿದು ಸ್ಟಾಪಿಗೆ ಹೋಗಿ, ನಿಂತಿದ್ದ ಬಸ್ಸಿನೊಳಗೆ ಅಳೆಯತೊಡಗಿದೆ. ಕಂಡಕ್ಟರು ಎದ್ದು ನಿಂತು ಟೋಪಿ ಸರಿಮಾಡಿಕೊಂಡ. "ಆಫೀಸಿಂದ ಬಂದಿದ್ದಾರೆ, ಕಂಬಿ ಇಳಿಸ್ತಾರಂತೆ" ಅಂತ ಯಾರೋ ಸುದ್ದಿ ಹಬ್ಬಿಸಿದರು. ಕುಳ್ಳಗಿನ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು, "ಇನ್ನೊಂದು ಗೇಣು ಇಳಿಸಪ್ಪ, ಪುಣ್ಯ ಬರುತ್ತೆ" ಅಂದರು. ಹಿಂದಿನಿಂದ ಒಬ್ಬ ಉದ್ದನೆಯ ಆಸಾಮಿ, "ಇಳಿಸಿದ್ರೆ ನನ್ನ ತಲೆ ಗತಿ ಏನ್ರೀ?" ಅಂತ ಜಗಳಕ್ಕೇ ಬಂದ. ಇಬ್ಬರಿಗೂ ಮೇಲಿನವರಿಗೆ ತಿಳಿಸುತ್ತೇನೆ ಅಂತ ಹೇಳಿ ಇಳಿದು ಬಂದೆ.

ಹಾಲ್‌ನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಗೆರೆ ಎಳೆದೆ. ನನ್ನಾಕೆ ಬಂದು ನಿಂತು, ಗೆರೆ ನೋಡಿದಳು, ತನ್ನ ಪಾದ ನೋಡಿಕೊಂಡಳು.

"ಬಸ್ಸಲ್ಲಿ ನಾನು ಚಪ್ಪಲಿ ಹಾಕ್ಕೊಂಡಿರ್ತೀನಲ್ವಾ?"

"ಹೌದು."

"ಇಲ್ಲಿ ಬರಿಗಾಲಲ್ಲಿ ನಿಂತಿದ್ದೀನಲ್ವಾ?"

ಅಷ್ಟು ವರ್ಷ ಇಡೀ ಕಾರ್ಖಾನೆಯ ಮಾಲನ್ನು ರಿಜೆಕ್ಟ್ ಮಾಡಿದ್ದ ನಾನು ನನ್ನ ಮನೆಯ ಗೋಡೆಯಲ್ಲೇ ರಿಜೆಕ್ಟಾದೆ.

೨. ನೋಡಲು ಬಂದವರು

ಗೆರೆ ಇತ್ತು, ಹತ್ತುವವರು ಇರಲಿಲ್ಲ. ಆಗ ಬಂದವರು ಗೌಡತಿ.

ಈಕೆ ಆಸ್ಪತ್ರೆಯಲ್ಲಿ ನನ್ನಾಕೆಯ ಪಕ್ಕದ ಮಂಚದವರು, ಅದೇ ಆಪರೇಷನ್ ಆದವರು. ರಾಜಗೋಪಾಲನಗರದ ಕಡೆಯ ಮೂಲ ಊರಿನವರು. ಹೊಲದ ಅರ್ಧಕ್ಕೆ ಪೀಣ್ಯದ ಕಾರ್ಖಾನೆಗಳು ಬಂದು, ಉಳಿದರ್ಧದಲ್ಲಿ ರಾಗಿಯೂ ಬಾಡಿಗೆ ಮನೆಗಳೂ ಒಟ್ಟಿಗೇ ಬೆಳೆಯುತ್ತಿದ್ದವು. ಎದುರು ಮಂಚದಲ್ಲಿದ್ದ ಸ್ಕೂಲ್ ಟೀಚರೊಬ್ಬರನ್ನೂ ಗೌಡತಿ ಕೈಹಿಡಿದು ಕರೆದುಕೊಂಡೇ ಬಂದಿದ್ದರು. ಟೀಚರಮ್ಮ ಮಾತು ಕಮ್ಮಿ. ಆಪರೇಷನ್ ಆದ ಮೇಲೆ ಅದೂ ನಿಂತಿತ್ತು.

ಅವರು ಬಂದ ಹೊತ್ತಿಗೆ ನಮ್ಮ ದೂರದ ಸಂಬಂಧಿಯೊಬ್ಬರು ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದಿದ್ದರು. ಆ ಕಾಲದಲ್ಲಿ 'ಅದು' ಬಂದವರ ಮನೆಗೆ ಜನ ಅರ್ಧ ಸಾವಿನ ಮನೆಗೆ ಬಂದ ಮುಖ ಹೊತ್ತು ಬರುತ್ತಿದ್ದರು. ಆಕೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ನಮ್ಮ ದೊಡ್ಡತ್ತೆಗೂ ಇದೇ ಬಂದಿತ್ತು, ಹೋಗ್ಬಿಟ್ರು. ನಮ್ಮೋರ ಆಫೀಸಲ್ಲಿ ಒಬ್ಬರಿಗೆ ಬಂತು, ಅವರೂ ಹೋಗ್ಬಿಟ್ರು. ತುಮಕೂರಲ್ಲಿ ನಮ್ಮ ನಾದಿನಿ ಓರಗಿತ್ತಿ..." ಅಂತ ಒಬ್ಬೊಬ್ಬರನ್ನೇ ಕಳಿಸಿಕೊಡುತ್ತಿದ್ದರು. ನನ್ನಾಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು.

ಗೌಡತಿ ಎಲೆಅಡಿಕೆ ಮಡಿಸುತ್ತ ಕೂತು ಎಲ್ಲ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

"ಅಲ್ಲ ಕಣವ್ವ, ನಿನಗೆ ಗೊತ್ತಿರೋರೆಲ್ಲಾ ಓಗ್ಬುಟ್ಟವ್ರೆ. ಕಾಯ್ಲೆ ಅವರದಾ, ಇಲ್ಲಾ ಗಾಚಾರ ನಿಂದಾ?"

ಆಕೆ ಮೂಸಂಬಿಯನ್ನೂ ಮರೆತು ಎದ್ದರು. ಆಮೇಲೆ ನೆನಪಿಸಿಕೊಂಡು ಬಂದು ತೆಗೆದುಕೊಂಡು ಹೋದರು. ಗೌಡತಿ ಸೆರಗು ಸೊಂಟಕ್ಕೆ ಸಿಗಿಸಿ, "ಏಳ್ರವ್ವ, ಗ್ವಾಡೆ ಅತ್ತುಮ" ಅಂದರು. ಮೂವರೂ ಗೋಡೆಗೆ ನಿಂತರು. ಅವತ್ತಿನಿಂದ ವಾರಕ್ಕೆ ಎರಡು ದಿನ ನಮ್ಮ ಹಾಲ್‌ನಲ್ಲಿ ನನಗೆ ಪ್ರವೇಶವಿಲ್ಲ. ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುವ ಕೆಲಸ ನನ್ನ ಪಾಲಿಗೆ ಬಂತು. ಮಜ್ಜಿಗೆಯಲ್ಲಿ ಉಪ್ಪಿನ ಅಳತೆ ತಪ್ಪಿತು ಅಂತ ಅಲ್ಲೂ ರಿಜೆಕ್ಟು.

೩. ಒಳ್ಳೆಯ ಫಸಲು

ತೆಗೆದ ಕಡೆ ಏನು ಇಟ್ಟುಕೊಳ್ಳುವುದು ಅನ್ನುವುದು ದೊಡ್ಡ ಸಮಸ್ಯೆ. ಈಗಿನ ಹಾಗೆ ಅಂಗಡಿಯಲ್ಲಿ ಸಿಗುವ ಕಾಲವಲ್ಲ. ಟೀಚರಮ್ಮ ಹತ್ತಿ ಇಟ್ಟುಕೊಂಡು ಕೆಲಸಕ್ಕೆ ಹೋಗಿದ್ದರು. ಹತ್ತಿ ಹಗುರ, ನಿಂತ ಕಡೆ ನಿಲ್ಲುವುದಿಲ್ಲ. "ಬೆಳಿಗ್ಗೆ ಪ್ರಾರ್ಥನೆಗೆ ಸರಿಯಾಗಿತ್ತು ಕಣ್ರೀ. ಗಣಿತದ ಪೀರಿಯಡ್ಡಿಗೆ ಭುಜಕ್ಕೆ ಬಂದಿತ್ತು" ಅಂತ ಅವರು ಹೇಳಿದ್ದು ಅಡುಗೆಮನೆಗೂ ಕೇಳಿಸಿತು. ಹೇಳಿ ಅತ್ತರು.

ಗೌಡತಿ ಅಳಲು ಬಿಡಲಿಲ್ಲ. ಮಲ್ಲು ಬಟ್ಟೆಯಲ್ಲಿ ಮೂರು ಪುಟ್ಟ ಚೀಲ ಹೊಲಿದು, ರಾಗಿ ತುಂಬಿದರು. "ರಾಗಿಗೆ ತೂಕ ಐತೆ, ತಂಪು ಐತೆ, ಇಟ್ ತಾವ ಬಿದ್ದಿರ್ತದೆ. ಗಂಡಸ್ರಂಗಲ್ಲ" ಅಂದರು. ನಾನು ಮಜ್ಜಿಗೆ ಕಡೆಯುವ ಸದ್ದು ಜೋರು ಮಾಡಿದೆ.

ರಾಗಿ ಚೀಲ ಭರ್ಜರಿ ಯಶಸ್ವಿಯಾಯಿತು. ಟೀಚರಮ್ಮ ಕೊನೆಯ ಪೀರಿಯಡ್ಡಿನವರೆಗೂ ನೆಟ್ಟಗೆ ನಿಂತು ಪಾಠ ಮಾಡಿದರು. ಆದರೆ ಮಳೆಗಾಲ ಬಂತು. ಗೌಡತಿ ಹೊಲದಿಂದ ಬರುವಾಗ ನೆನೆದು ತೊಪ್ಪೆಯಾಗಿ, ಚೀಲ ತೆಗೆದು ಬೆಚ್ಚಗಿನ ಮೂಲೆಯಲ್ಲಿ ಇಟ್ಟವರು ಮರೆತುಬಿಟ್ಟರು. ಆಮೇಲೆ ಒಂದು ದಿನ ಸೆರಗಿನಲ್ಲಿ ಏನೋ ಮುಚ್ಚಿಟ್ಟುಕೊಂಡು ನಮ್ಮ ಮನೆಗೆ ಬಂದರು. ಒಳಗೆ ಪಿಸುಮಾತು. ಆಮೇಲೆ ಟೀಚರಮ್ಮನ ನಗು. ಆ ಹೆಂಗಸು ನಗುವುದನ್ನು ನಾನು ಅದೇ ಮೊದಲು ಕೇಳಿದ್ದು. ಪಾತ್ರೆ ಉರುಳಿದ ಹಾಗೆ ನಗುತ್ತಿದ್ದರು.

ಚೀಲದ ತುಂಬ ಮೊಳಕೆ ಬಂದು, ಬಟ್ಟೆ ತೂರಿಕೊಂಡು ಹೊರಗೆ ಇಣುಕುತ್ತಿತ್ತು.

ಗೌಡತಿ ಮಾತ್ರ ನಗಲಿಲ್ಲ. ನಿಜವಾದ ಸಂಕಟದಿಂದ ಹೇಳಿದರು: "ನಗಬ್ಯಾಡಿ ಕಣ್ರವ್ವ. ಒಲದಾಗೆ ಬಿತ್ತಿದ್ದು ಇನ್ನೂ ಒಂದೂ ಎದ್ದಿಲ್ಲ."

ನಕ್ಕು ನಕ್ಕು ನನ್ನಾಕೆ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳಂತೆ. ಎತ್ತಿದ್ದು ಬಲಗೈ. ಅದು ಹಣೆಯವರೆಗೆ ಹೋಗಿದ್ದನ್ನು ಗೌಡತಿಯೇ ಮೊದಲು ನೋಡಿದ್ದು.

೪. ಗೋಡೆ ವ್ರತ

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಸ್ಟೋರ್ಸ್ ವಿಭಾಗದವರೊಬ್ಬರ ಸಂಸಾರವಿತ್ತು. ಆ ಮನೆಯಾಕೆಗೆ ನಮ್ಮ ಕಿಟಕಿಯಿಂದ ಕಂಡದ್ದು ಇಷ್ಟು: ಮೂವರು ಮುತ್ತೈದೆಯರು ಗೋಡೆಗೆ ಮುಖಮಾಡಿ ನಿಂತಿದ್ದಾರೆ, ಕಣ್ಣು ಮುಚ್ಚಿ ಏನೋ ಗೊಣಗುತ್ತ ಬೆರಳನ್ನು ಕೆಂಪು ಗೆರೆಯ ಕಡೆಗೆ ಹತ್ತಿಸುತ್ತಿದ್ದಾರೆ, ಮುಗಿದ ಮೇಲೆ ಮಜ್ಜಿಗೆ ಕುಡಿದು ಅರಿಶಿನ ಕುಂಕುಮ ತೆಗೆದುಕೊಂಡು ಹೋಗುತ್ತಾರೆ. ಗೊಣಗುತ್ತಿದ್ದದ್ದು ನೋವಿಗೆ. ಆಕೆಗೇನು ಗೊತ್ತು?

"ಏನ್ರೀ ಅದು?" ಅಂತ ಕೇಳಿದರು. ನನ್ನಾಕೆ ನಾಚಿಕೊಂಡು, "ಏನಿಲ್ಲ, ಹೀಗೇ" ಅಂದಳು. ಕೇಳಿದರೂ ಹೇಳುವುದಿಲ್ಲ ಅಂದರೆ ಫಲ ಜಾಸ್ತಿ ಇರುವ ವ್ರತವೇ ಇರಬೇಕು ಅಂತ ಆಕೆ ತೀರ್ಮಾನ ಮಾಡಿದರು. ತಮ್ಮ ಮನೆಯ ಗೋಡೆಗೂ ಕೆಂಪು ಗೆರೆ ಎಳೆದರು. ಎಳೆದ ತಿಂಗಳಲ್ಲೇ ಗಂಡನಿಗೆ ಪ್ರಮೋಷನ್ ಬಂತು.

ಅಷ್ಟೇ. ಇಡೀ ಬೀದಿಯಲ್ಲಿ ಗೆರೆಗಳು ಎದ್ದವು. ಗೆರೆಗೆ ಹೂವು, ಊದುಬತ್ತಿ. ಎತ್ತರ ಇಷ್ಟೇ ಇರಬೇಕಂತೆ ಅಂತ ನಮ್ಮ ಮನೆಗೆ ದಾರ ಹಿಡಿದು ಅಳೆಯಲು ಬಂದವರೂ ಇದ್ದರು. ಗೌಡತಿಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯಾಕೆಯನ್ನು ಕೂರಿಸಿ, ರವಿಕೆಯ ಗುಂಡಿ ಬಿಚ್ಚಿ ಹೊಲಿಗೆಯನ್ನೇ ತೋರಿಸಿ, ಎಲ್ಲ ಹೇಳಿದರು. ಆಕೆ ನನ್ನಾಕೆಯ ಕೈ ಹಿಡಿದುಕೊಂಡರು. ಆಮೇಲೆ ಅಂದರು: "ನೀವು ಏನೇ ಹೇಳಿ, ವರ್ಷಗಟ್ಟಲೆ ಹಿಡ್ಕೊಂಡಿದ್ದ ನನ್ನ ಭುಜ ಬಿಟ್ಟಿದೆ. ಇದು ವ್ರತ ಅಲ್ಲ ಅಂದ್ರೆ ನಾನು ನಂಬಲ್ಲ." ನಂಬದೆ, ಬಂದು ಇವರ ಜೊತೆಗೇ ನಿಂತರು.

ಕೊನೆಗೆ ಕ್ವಾರ್ಟರ್ಸ್ ನೋಡಿಕೊಳ್ಳುವ ಎಸ್ಟೇಟ್ ಅಧಿಕಾರಿಗೆ ದೂರು ಹೋಯಿತು: ಕಂಪನಿ ಗೋಡೆಗೆ ಅನುಮತಿಯಿಲ್ಲದೆ ಬಣ್ಣ ಬಳಿಯುತ್ತಿದ್ದಾರೆ. ಅವರು ನಮ್ಮ ಮನೆಗೆ ಬಂದು, ಮೂಲ ಗೆರೆಯನ್ನು ಬಹಳ ಹೊತ್ತು ನೋಡಿ, ನನಗೆ ನಿಯಮವನ್ನೆಲ್ಲ ಕಟ್ಟುನಿಟ್ಟಾಗಿ ಹೇಳಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ದನಿ ತಗ್ಗಿಸಿ ಕೇಳಿದರು:

"ಅಲ್ಲ ಸಾರ್, ಟ್ರಾನ್ಸ್‌ಫರಿಗೆ ಆದ್ರೆ ಎಷ್ಟು ವಾರ ಹತ್ತಬೇಕು?"

೫. ಬಸ್ಸು

ಆಯುಧಪೂಜೆಯ ಸಂಜೆ. ನಾನು ಕಾರ್ಖಾನೆಯ ಪೂಜೆ ಮುಗಿಸಿ ಪುರಿ, ಸಿಹಿ ಹಿಡಿದು ಬಂದರೆ ನನ್ನಾಕೆ ಹಾಲ್‌ನಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಬಲಗೈಯ ಬೆರಳುಗಳು ಕೆಂಪು ಗೆರೆಯನ್ನು ದಾಟಿ ಆಚೆ ಮಡಚಿಕೊಂಡಿವೆ.

"ನಾಳೆ" ಅಂದಳು. ಅಷ್ಟೇ ಅಂದಳು. ನಾನು ಸಿಹಿಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಗೌಡತಿ, ಟೀಚರಮ್ಮ ಹಬ್ಬದ ಸೀರೆಯುಟ್ಟು ಹಾಜರು. ನಾನು ಹೊಸ ಬಿಳಿ ಪಂಚೆ. ನನ್ನಾಕೆ ಗೇಟು ದಾಟಿದಳು, ಹಾಲಿನ ಬೂತು ದಾಟಿದಳು. ಕಾರ್ಖಾನೆಗಳಿಗೆ ರಜ, ಬಸ್ಸು ಖಾಲಿ. ಹಿಂದಿನ ದಿನದ ಪೂಜೆಯ ಬಾಳೆಕಂದು, ಚೆಂಡುಹೂವಿನ ಹಾರ ಇನ್ನೂ ಹಾಗೇ ಇದ್ದವು, ಎಲ್ಲೆಲ್ಲೂ ಕುಂಕುಮ. ಮೂವರೂ ಹತ್ತಿ ಸಾಲಾಗಿ ನಿಂತರು. ನನ್ನಾಕೆ ಕೈ ಎತ್ತಿ ಕಂಬಿ ಹಿಡಿದಳು. ಹಿಡಿದು ಒಮ್ಮೆ ಜಗ್ಗಿ ನೋಡಿದಳು, ಗಟ್ಟಿ ಇದೆಯೋ ಇಲ್ಲವೋ ಅಂತ.

"ಸೀಟೆಲ್ಲಾ ಖಾಲಿ ಇದೆ ಕಣಮ್ಮಾ, ಕೂತ್ಕೊಳ್ಳಿ" ಅಂದ ಕಂಡಕ್ಟರು.

"ಕುಂತ್ಕಳಾಕೆ ಮನೇಲಿ ಜಗಲಿ ಐತೆ ಕಣಪ್ಪ. ನಾವು ನಿಂತ್ಕಳಾಕೆ ಬಂದಿರಾದು" ಅಂದರು ಗೌಡತಿ.

ಅವನು ನನ್ನ ಮುಖ ನೋಡಿದ. ನಾನೂ ನಿಂತಿದ್ದೆ. ಹೆಂಡತಿ ನಿಂತಿರುವಾಗ ಕೂರುವ ಧೈರ್ಯ ಯಾರಿಗಿದೆ?

ಮುಂದಿನ ಸ್ಟಾಪಿನಲ್ಲಿ ಒಂದು ಸಂಸಾರ ಹತ್ತಿತು. ರೇಷ್ಮೆ ಸೀರೆ, ಗರಿಗರಿ ಶರ್ಟು. ಸೀಟು ಖಾಲಿ, ಜನ ನಿಂತಿದ್ದಾರೆ. ಆ ಯಜಮಾನರು ಕ್ಷಣ ಯೋಚಿಸಿ ಹೆಂಡತಿಗೆ ಹೇಳಿದರು: "ಕೂರಬೇಡ ಕಣೇ, ಪೂಜೆ ಕುಂಕುಮ ಇನ್ನೂ ಒಣಗಿಲ್ಲ ಅಂತ ಕಾಣುತ್ತೆ, ಸೀರೆಗೆ ಹತ್ತುತ್ತೆ." ಅವರೂ ನಿಂತರು. ಆಮೇಲೆ ಹತ್ತಿದವರಿಗೆ ಅವರೇ ಎಚ್ಚರಿಕೆ ಕೊಟ್ಟರು. ಯಶವಂತಪುರ ಬರುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಸೀಟೊಂದೂ ತುಂಬಿಲ್ಲ. ಕಂಡಕ್ಟರು ಜನರ ನಡುವೆ ನುಸುಳಿಕೊಂಡು, "ಕೂತ್ಕೊಳ್ರಪ್ಪಾ, ಕುಂಕುಮ ಇಲ್ಲ, ಏನೂ ಇಲ್ಲ" ಅಂತ ಗೋಗರೆಯುತ್ತಿದ್ದ. ಯಾರೂ ನಂಬಲಿಲ್ಲ. "ನೀನು ಮೊದಲು ಕೂತ್ಕೊಂಡು ತೋರ್ಸು ಗುರು" ಅಂದ ಒಬ್ಬ.

ಅಷ್ಟರಲ್ಲಿ ರಸ್ತೆಗೆ ಹಸುವೊಂದು ಬಂತು. ಡ್ರೈವರು ಬ್ರೇಕ್ ಹಾಕಿದ.

ಇಡೀ ಬಸ್ಸು ಮುಂದಕ್ಕೆ ವಾಲಿತು. ನನ್ನಾಕೆಯೂ ವಾಲಿದಳು, ಚಪ್ಪಲಿಯ ಹಿಮ್ಮಡಿ ಎದ್ದಿತು, ಆದರೆ ಬಲಗೈ ಕಂಬಿ ಬಿಡಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ. ನೋಡುತ್ತ ನಿಂತು ನಾನು ಕಂಬಿ ಹಿಡಿಯುವುದನ್ನೇ ಮರೆತಿದ್ದೆ. ದಡಾರನೆ ಹೋಗಿ ಖಾಲಿ ಸೀಟಿನ ಮೇಲೆ ಬಿದ್ದೆ.

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. "ಎದ್ದು ತಿರುಗಿ ಸಾರ್" ಅಂದರು ಗರಿಗರಿ ಶರ್ಟಿನ ಯಜಮಾನರು. ಎದ್ದು ತಿರುಗಿದೆ. ಎಲ್ಲರೂ ನನ್ನ ಬಿಳಿ ಪಂಚೆಯ ಹಿಂಭಾಗವನ್ನು ಬಗ್ಗಿ ಪರೀಕ್ಷೆ ಮಾಡಿದರು. ಕಲೆ ಇಲ್ಲ. ಜೀವನದಲ್ಲಿ ನಾನು ಇನ್‌ಸ್ಪೆಕ್ಷನ್‌ನಲ್ಲಿ ಪಾಸಾದದ್ದು ಅದೊಂದೇ ಸಲ.

ಮರುಕ್ಷಣ ಬಸ್ಸಿನಲ್ಲಿ ಕುರ್ಚಿಯಾಟ. ಕಣ್ಣುಮುಚ್ಚಿ ತೆರೆಯುವುದರಲ್ಲಿ ಎಲ್ಲ ಸೀಟೂ ಭರ್ತಿ, ನಾನು ಎದ್ದ ಸೀಟೂ ಸೇರಿ. ಸೊಂಟ ಹಿಡಿದುಕೊಂಡು, "ಸ್ವಲ್ಪ ಕೂತ್ಕೊಳ್ಳೋಣ ಅಂತಿದ್ದೆ" ಅಂದೆ.

ನನ್ನಾಕೆ ಬಲಗೈಯಲ್ಲಿ ಕಂಬಿ ಹಿಡಿದೇ, ಎಡಗೈಯಿಂದ ನನ್ನ ತೋಳು ಹಿಡಿದುಕೊಂಡಳು. "ಪರವಾಗಿಲ್ಲ, ನನ್ನ ಹಿಡ್ಕೊಂಡು ನಿಂತ್ಕೊಳ್ಳಿ. ನಿಮ್ಮ ಕೈ ಎತ್ತೋಕಾದ ದಿನ ನೀವೂ ಕಂಬಿ ಹಿಡೀಬಹುದು" ಅಂದಳು.

ಮೆಜೆಸ್ಟಿಕ್‌ವರೆಗೂ ಹಾಗೇ ಹೋದೆವು. ಯಾವತ್ತು ಅಂತೀರಾ? ಎಂಬತ್ತೆರಡನೇ ಇಸವಿ, ವಿಜಯದಶಮಿ, ಬುಧವಾರ.